ತಿಂತಾವೋ, ಬುಟ್ಟವೋ

ರೇಷ್ಮೆ ಹುಳು ಸೊಪ್ಪು ತಿನ್ನುವುದನ್ನು ಕೇಳದವರಿಗೆ ಹೇಳುತ್ತೇನೆ. ಹುಲ್ಲಿನ ಮಾಡಿನ ಮೇಲೆ ಸಣ್ಣ ಮಳೆ ಹಿಡಿದರೆ ಹೇಗೆ ಸದ್ದಾಗುತ್ತದೋ ಹಾಗೆ ಅದು. ಒಂದು ಹುಳು ತಿಂದರೆ ಏನೂ ಕೇಳಿಸುವುದಿಲ್ಲ. ಮನೆ ತುಂಬ ತಟ್ಟೆ ಜೋಡಿಸಿ, ಕಿರುಬೆರಳು ಗಾತ್ರಕ್ಕೆ ಬಂದ ಹುಳುಗಳಿಗೆ ಸೊಪ್ಪು ಹಾಕಿ ಹಿಂದಕ್ಕೆ ಸರಿದು ನಿಂತರೆ ಆಗ ಶುರುವಾಗುತ್ತದೆ. ಹೊಸದಾಗಿ ಬಂದ ನೆಂಟರೊಬ್ಬರು ಮಳೆ ಬಂತೆಂದು ಅಂಗಳಕ್ಕೆ ಓಡಿ, ಒಣಗಹಾಕಿದ್ದ ರಾಗಿಯನ್ನೆಲ್ಲ ಬಾಚಿ ಒಳಗೆ ತಂದಿದ್ದರು. ಬಿಸಿಲು ಸುಡುತ್ತಿತ್ತು. ಪಾಪ, ಉಪಕಾರ ಮಾಡಿದೆನೆಂದುಕೊಂಡು ಮೈಯೆಲ್ಲ ಬೆವರಿಸಿಕೊಂಡಿದ್ದರು.

ನಮ್ಮೂರು ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನಾಲೆಯ ನೀರು ಹತ್ತಿದ ಕಡೆ ಕಬ್ಬು, ಭತ್ತ. ಹತ್ತದ ಕಡೆ ರಾಗಿ, ಹಿಪ್ಪುನೇರಳೆ. ತೊಂಬತ್ತರ ಆಸುಪಾಸಿನಲ್ಲಿ ನಮ್ಮ ಬೀದಿಯಲ್ಲಿ ಹುಳು ಮೇಯಿಸದ ಮನೆ ಎಂದರೆ ಎರಡೋ ಮೂರೋ ಇದ್ದವು. ನಮ್ಮದು ಮೇಯಿಸುವ ಮನೆ. ಹಿತ್ತಲಿಗೆ ಸೇರಿದಂತೆ ಉದ್ದನೆಯ ಒಂದು ಕೋಣೆ, ಅದಕ್ಕೆ ಒಂದು ಬಾಗಿಲು, ಬಾಗಿಲಿಗೆ ಗೋಣಿಪರದೆ.

ಆ ಪರದೆಯ ಹೊರಗೆ ನಿಂತು ಕೇಳುವುದು ನಮ್ಮ ಅತ್ತೆ ಹೇಳಿಕೊಟ್ಟ ಪದ್ಧತಿ. ಬೆಳಗಾಗುತ್ತಲೇ ಯಾರೂ ಒಳಕ್ಕೆ ನುಗ್ಗಬಾರದು. ನುಗ್ಗಿದರೆ ಗಾಳಿ ಹೋಗುತ್ತದೆ, ಧೂಳು ಹೋಗುತ್ತದೆ, ಕಣ್ಣೂ ಹೋಗುತ್ತದೆ. ಕಣ್ಣು ಎಂದರೆ ದೃಷ್ಟಿ. ಮನೆಯವರ ಕಣ್ಣೇ ಮೊದಲು ತಾಕುವುದು ಎನ್ನುತ್ತಿದ್ದರು ಅತ್ತೆ. ಬಾಗಿಲಲ್ಲಿ ನಿಂತು, ಉಸಿರು ಹಿಡಿದು, ಬಾಯಿ ಅಷ್ಟಿಷ್ಟು ತೆರೆದು ಕೇಳಬೇಕು. ಮಳೆ ಸದ್ದು ದಟ್ಟವಾಗಿದ್ದರೆ "ತಿಂತಾವೆ" ಎನ್ನಬೇಕು, ಸೊಪ್ಪು ಹಾಕಬೇಕು. ಸದ್ದು ತೆಳುವಾಗಿ ನಿಂತರೆ "ಬುಟ್ಟವೆ" ಎನ್ನಬೇಕು. ತಿನ್ನುವುದು ಬಿಟ್ಟ ಹುಳು ಹಣ್ಣಾಗಿದೆ, ಗೂಡು ಕಟ್ಟಲು ಜಾಗ ಹುಡುಕುತ್ತಿದೆ ಎಂದು ಅರ್ಥ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಸುತ್ತಿದ ಚಾಪೆಯೇ ಚಂದ್ರಿಕೆ. ಆ ಒಂದು ದಿನ ತಪ್ಪಿದರೆ ಇಪ್ಪತ್ತೈದು ದಿನದ ದುಡಿಮೆ ತಪ್ಪಿದಂತೆ.

ಅತ್ತೆ ಹೋದ ಮೇಲೆ ಆ ಮಾತು ಹೇಳುವವಳು ನಾನಾದೆ. ನಮ್ಮ ಯಜಮಾನರು ಯಾವ ಎತ್ತು ತರಬೇಕು, ಯಾವ ಗದ್ದೆಗೆ ಏನು ಹಾಕಬೇಕು ಎಂದು ನನ್ನನ್ನು ಒಂದು ದಿನವೂ ಕೇಳಿದವರಲ್ಲ. ಆದರೆ ಹುಳುವಿನ ಮನೆ ಬಾಗಿಲಿಗೆ ಬಂದಾಗ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಏನ್ ಅಂತವೆ ನಿನ್ ಉಳಗೋಳು?" ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಬೇಕೆಂದೇ ಇನ್ನಷ್ಟು ಹೊತ್ತು ಉಸಿರು ಹಿಡಿದು ನಿಲ್ಲುತ್ತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಗಳಿಸಿದ ಅಧಿಕಾರ ಆ ಮೂರಡಿ ಬಾಗಿಲು. ಅಷ್ಟಕ್ಕಾದರೂ ಆಸೆ ಇರಬಾರದೇ.

ಇಂಥ ನನ್ನ ಕಿವಿಯೊಳಗೇ ಒಂದು ಮಳೆ ಶುರುವಾಯಿತು.

ಮೊದಲು ಅದು ಮಳೆಯಾಗಿರಲಿಲ್ಲ, ಜೀರುಂಡೆಯಾಗಿತ್ತು. ಮನೆಯಲ್ಲಿ ಎಲ್ಲೋ ಸೇರಿಕೊಂಡಿದೆ ಎಂದು ಮೂರು ದಿನ ಹುಡುಕಿದೆ. ಅಕ್ಕಿ ಡ್ರಮ್ಮು ಸರಿಸಿದೆ, ಒನಕೆ ಮೂಲೆ ಗುಡಿಸಿದೆ. ಕೊನೆಗೆ ಯಜಮಾನರ ಕೈಯಲ್ಲಿ ಅಟ್ಟ ಹತ್ತಿಸಿದೆ.

"ಎಲ್ಲಮ್ಮಿ ಜೀರುಂಡೆ? ನಂಗೇನೂ ಕೇಳ್ತಿಲ್ವಲ್ಲ" ಎಂದರು ಅಟ್ಟದ ಮೇಲಿಂದ.

"ನಿಮ್ಗೆ ಯಾವತ್ತು ಏನ್ ಕೇಳದೆ? ಮೂಲೇಲಿ ನೋಡಿ."

"ಮೂಲೇಲಿ ನಮ್ಮಪ್ಪನ ಕಾಲದ ನೊಗ ಅದೆ. ಅದು ಕೂಗ್ತಾ ಇದ್ರೆ ನಂಗೊತ್ತಿಲ್ಲ."

ಮೈತುಂಬ ಜೇಡರ ಬಲೆ ಮೆತ್ತಿಕೊಂಡು ಕೆಳಗಿಳಿದರು. ಆ ದಿನ ನಾನು ಬಾವಿಕಟ್ಟೆಗೆ ಹೋದೆ, ಜೀರುಂಡೆ ಅಲ್ಲಿಗೂ ಬಂತು. ಹೊಲಕ್ಕೆ ಹೋದೆ, ಅಲ್ಲಿಗೂ ಬಂತು. ಅಟ್ಟ ಹತ್ತಿಸಬೇಕಾದದ್ದು ನನ್ನ ತಲೆಗೆ ಎಂದು ಆಗ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಹೋಗುವುದು ಆ ಬಾಗಿಲು.

ವರ್ಷ ಕಳೆಯುವಷ್ಟರಲ್ಲಿ ಜೀರುಂಡೆ ಮರಿ ಹಾಕಿ ಸಂಸಾರ ದೊಡ್ಡದಾಗಿತ್ತು. ಎಡಗಿವಿಯಲ್ಲಿದ್ದದ್ದು ಬಲಕ್ಕೂ ದಾಟಿತು. ಇದರ ಜೊತೆಗೆ ಇನ್ನೊಂದು ವಿಚಿತ್ರ. ಒಳಗೆ ಅಷ್ಟು ಗದ್ದಲವಿದ್ದರೆ ಹೊರಗಿನದು ಕಡಿಮೆ ಕೇಳಬೇಕಲ್ಲವೇ? ಇಲ್ಲ. ಹೊರಗಿನ ಸದ್ದೆಲ್ಲ ಸೂಜಿಯಾಗಿ ಚುಚ್ಚತೊಡಗಿತು. ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಕುಕ್ಕರು ಕೂಗಿದರೆ ನಾನು ಹಿತ್ತಲಲ್ಲಿ ಇರುತ್ತಿದ್ದೆ. ಯಜಮಾನರು ಬೆಳಿಗ್ಗೆ ಬಾಯಿ ತೊಳೆಯುತ್ತ ಗಂಟಲು ಕ್ಯಾಕರಿಸುವುದನ್ನು ಮದುವೆಯಾದ ದಿನದಿಂದ ಕೇಳಿದ್ದೆ, ಅದೊಂದು ಗಡಿಯಾರವೆಂದು ಸುಮ್ಮನಿದ್ದೆ. ಈಗ ಬಾವಿಯೊಳಗೆ ಬಂಡೆ ಸಿಡಿಸಿದ ಹಾಗೆ ಕೇಳತೊಡಗಿತು.

ಕಾರಣ ಹೇಳುವ ಹಾಗಿಲ್ಲ, ಸದ್ದು ತಡೆಯುವ ಹಾಗಿಲ್ಲ. ಸುಳ್ಳು ಹೇಳಿದೆ. ಕುಕ್ಕರಿನ ಅನ್ನ ಹೊಟ್ಟೆಗೆ ಆಗುವುದಿಲ್ಲ ಎಂದು ಅದನ್ನು ಅಟ್ಟಕ್ಕೆ ಹಾಕಿಸಿದೆ. ಸ್ಟೀಲಿನ ತಟ್ಟೆಯಲ್ಲಿ ಉಂಡರೆ ಕೀಲು ಹಿಡಿಯುತ್ತದೆ ಎಂದು ಹೇಳಿ ಮುತ್ತುಗದ ಎಲೆ ಹಚ್ಚಲು ಕೂತೆ.

"ದಿನಾ ಮದ್ವೆ ಮನೆ ಊಟ ಆಗೋಯ್ತಲ್ಲ" ಎಂದರು ಯಜಮಾನರು. "ಒಂದ್ ಪಾಯಸನಾರ ಮಾಡಿ."

ಮನೆಗೆಲಸಕ್ಕೆಲ್ಲ ಕೈಯಾಗಿದ್ದ ನಮ್ಮ ಸೊಸೆ ನಗಲಿಲ್ಲ. ಎಲೆ ಹಾಕು ಎಂದರೆ ಹಾಕಿದಳು, ಮಡಕೆಯಲ್ಲಿ ಅನ್ನ ಮಾಡು ಎಂದರೆ ಮಾಡಿದಳು. ನಾನು ಯಾವುದಕ್ಕೋ ರೇಗಿದರೆ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ನಮ್ಮತ್ತೆಗೆ ವಯಸ್ಸಾದ ಹಾಗೆಲ್ಲ ಬಾಯಿ ಜೋರಾಗುತ್ತಿದೆ ಎಂದು ಅವಳು ನೀರಿನ ಹತ್ತಿರ ಯಾರಿಗಾದರೂ ಹೇಳಿಯೇ ಇರಬೇಕು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಹೆಚ್ಚಾಗಿ ಹೇಳುತ್ತಿದ್ದೆ.

ಇಷ್ಟರಲ್ಲಿ ನನಗೆ ಒಂದೇ ಒಂದು ಸುಖವಿತ್ತು. ಅದು ಹುಳುವಿನ ಮನೆ. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಆರೇಳು ದಿನ ಅವು ಹೊಟ್ಟೆಬಾಕರ ಹಾಗೆ ತಿನ್ನುತ್ತವೆ. ಆ ದಿನಗಳಲ್ಲಿ ಒಳಗೆ ಹೋಗಿ ಕೂತರೆ ಅವುಗಳ ಮಳೆಗೂ ನನ್ನ ಕಿವಿಯ ಮಳೆಗೂ ಭೇದವೇ ಗೊತ್ತಾಗುತ್ತಿರಲಿಲ್ಲ. ಎರಡೂ ಸೇರಿ ಒಂದೇ ಆಗಿ, ತಲೆ ಹಗುರಾಗುತ್ತಿತ್ತು. ಅಲ್ಲಿ ಯಾರೂ ಪಾತ್ರೆ ಬಡಿಯುವುದಿಲ್ಲ, ಜೋರಾಗಿ ಮಾತನಾಡುವುದಿಲ್ಲ. ಇರುವೆ ಹತ್ತುತ್ತವೆ, ಹಲ್ಲಿ ಬೀಳುತ್ತದೆ, ಕಾಯಬೇಕು ಎಂದು ಹೇಳಿ ಚಾಪೆ ಹಾಸಿಕೊಂಡು ಹಗಲೆಲ್ಲ ಅಲ್ಲೇ ಇದ್ದುಬಿಡುತ್ತಿದ್ದೆ. ಹುಳುವಿನ ಮೇಲೆ ಅಮ್ಮನಿಗೆ ಎಷ್ಟು ಪ್ರಾಣ ಎಂದು ಬೀದಿಯವರು ಕೊಂಡಾಡಿದರು. ಪ್ರಾಣ ಇದ್ದದ್ದು ನನ್ನ ನಿದ್ದೆಯ ಮೇಲೆ.

ಆದರೆ ಭೇದ ಗೊತ್ತಾಗದಿದ್ದರೆ ಬಾಗಿಲಲ್ಲಿ ನಿಂತು ಹೇಳುವುದೇನು? ಅದಕ್ಕೂ ದಾರಿ ಕಂಡುಕೊಂಡೆ. ಎಲ್ಲರಿಗಿಂತ ಮುಂಚೆ ಎದ್ದು, ಪರದೆ ಎತ್ತಿ, ಒಳಗೆ ಹೋಗಿ ತಟ್ಟೆ ನೋಡಿಬಿಡುವುದು. ಹುಳು ಬೆಳ್ಳಗೆ ಗಟ್ಟಿಯಾಗಿದ್ದರೆ ತಿನ್ನುವ ಹುಳು, ಮೈ ಅರಿಶಿನ ಬಳಿದ ಗಾಜಿನ ಹಾಗಾಗಿ ತಲೆ ಎತ್ತಿ ಆಡಿಸುತ್ತಿದ್ದರೆ ಹಣ್ಣು. ಆಮೇಲೆ ಹೊರಗೆ ಬಂದು, ಯಜಮಾನರು ಎದ್ದು ಕೈ ಹಿಂದಕ್ಕೆ ಕಟ್ಟಿಕೊಂಡು ಬರುವವರೆಗೆ ಕಾದು, ಉಸಿರು ಹಿಡಿದು, ಬಾಯಿ ತೆರೆದು, ದೊಡ್ಡ ಪಂಡಿತೆಯ ಹಾಗೆ "ತಿಂತಾವೆ" ಎನ್ನುವುದು. ನನ್ನ ಅತ್ತೆ ಬದುಕಿದ್ದು ನೋಡಿದ್ದರೆ ಸೌದೆ ತೆಗೆದುಕೊಂಡು ಬಡಿಯುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು.

ನಡುವೆ ಒಂದು ಸಲ ಮೈಸೂರಿನ ಕಿವಿ ಡಾಕ್ಟರ ಹತ್ತಿರವೂ ಹೋದೆ. ಪಾಲಹಳ್ಳಿಯಲ್ಲಿ ನನ್ನ ವಾರಗಿತ್ತಿ ಇದ್ದಾಳೆ. ಅವಳನ್ನು ನೋಡಿಬರುತ್ತೇನೆ ಎಂದು ಮನೆಯಲ್ಲಿ ಹೇಳಿ, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಅವಳ ಮನೆಗೆ ಹೋಗಿ, ಅಲ್ಲಿಂದ ಇಬ್ಬರೂ ಮೈಸೂರಿಗೆ. ಅವಳಿಗೆ ಮಾತ್ರ ಹೇಳಿದ್ದೆ. ಬಸ್ಸಿನಲ್ಲಿ ಅವಳದು ಒಂದೇ ಉಪದೇಶ.

"ಡಾಕ್ಟ್ರು ಯಾಕ್ಲಕ್ಕ? ಒಗೆಸೊಪ್ಪ ಎಣ್ಣೇಲಿ ಕಾಸಿ ನಾಕ್ ತೊಟ್ಟು ಬುಟ್ಕೊ. ಕಿವಿ ತಣ್ಣಗಾಯ್ತದೆ."

"ಒಗೆಸೊಪ್ಪು ಮುಟ್ಟಿದ ಕೈಲಿ ಉಳ ಮುಟ್ಟುದ್ರೆ ಉಳ ಸಾಯ್ತವೆ. ಗೊತ್ತಿಲ್ವಾ ನಿಂಗೆ?"

"ಉಳ ಸತ್ರೆ ಸಾಯ್ಲಿ, ಕಿವಿ ನಿಂದಲ್ವಾ."

"ನೀನು ದಿನಾ ಕಡ್ಡಿಪುಡಿ ಹಾಕ್ತೀಯಲ್ಲ, ನಿನ್ ಕಿವಿ ಎಷ್ಟು ತಣ್ಣಗದೆ? ಮೂರ್ ಸಲ ಕರುದ್ರೆ ಒಂದ್ ಸಲ ಓ ಅಂತೀಯ."

ಡಾಕ್ಟರು ಚಿಕ್ಕ ವಯಸ್ಸಿನವರು. ಎರಡು ಕಾಲಿನ ಕಬ್ಬಿಣದ ಕಡ್ಡಿಯೊಂದನ್ನು ತಮ್ಮ ಮೊಣಕಾಲಿಗೆ ಬಡಿದು ನನ್ನ ಹಣೆಗೆ ಇಟ್ಟರು. ನಾನು ಎದ್ದು ನಿಂತುಬಿಟ್ಟೆ. ಕೂರಿಸಿ, ಇಬ್ಬದಿ ನೋಡಿ, ಕಿವಿಯೊಳಗಿನ ನರ ಸವೆದಿದೆ, ಇದಕ್ಕೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಇನ್ನೂ ಹೆಚ್ಚಾದರೂ ಆಗಬಹುದು ಎಂದರು.

"ಅಭ್ಯಾಸ ಮಾಡಿಕೊಳ್ಳಬೇಕಮ್ಮ. ಮನೇಲಿ ಯಜಮಾನರು ಇದ್ದಾರಾ?"

"ಅವ್ರೆ."

"ಅವರ ಮಾತನ್ನೆಲ್ಲ ಕಿವಿಗೆ ಹಾಕಿಕೊಳ್ತೀರಾ?"

"ಎಲ್ಲಾನೂ ಹಾಕ್ಕಂಡ್ರೆ ಬದುಕಾಕಾಯ್ತದಾ?"

"ಇದನ್ನೂ ಹಾಗೇ ಮಾಡಿ" ಎಂದರು. ದೊಡ್ಡ ಸದ್ದಿನ ಹತ್ತಿರ ಹೋಗಬೇಡಿ, ಹಾಗೆಂದು ಸದಾ ಹತ್ತಿ ತುರುಕಿಕೊಂಡು ಕೂರಬೇಡಿ, ಪೂರಾ ಸದ್ದಿಲ್ಲದ ಕಡೆಯೂ ಇರಬೇಡಿ, ಯಾವುದಾದರೂ ಮೆತ್ತನೆಯ ಸದ್ದು ಪಕ್ಕದಲ್ಲಿರಲಿ ಎಂದರು. ಫ್ಯಾನು ಇದೆಯಾ ಎಂದು ಕೇಳಿದರು. ಫ್ಯಾನಿಗೆ ಕರೆಂಟು ಬೇಕಲ್ಲ, ನಮ್ಮಲ್ಲಿ ರೇಷ್ಮೆ ಹುಳು ಇದೆ ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿ, ವಾರಗಿತ್ತಿಯನ್ನು ನೋಡಿ, ಚೀಟಿಯಲ್ಲಿ ಶಕ್ತಿ ಮಾತ್ರೆ ಬರೆದುಕೊಟ್ಟರು.

ದೊಡ್ಡ ಸದ್ದಿನ ಹತ್ತಿರ ಹೋಗಬೇಡಿ ಎಂದು ಹೇಳುವುದು ಸುಲಭ. ಆ ಡಾಕ್ಟರಿಗೆ ಶೀಳನೆರೆಯಲ್ಲಿ ಬೀಗರಿಲ್ಲ. ನಮಗಿದ್ದಾರೆ, ಮಗಳನ್ನು ಕೊಟ್ಟ ಮನೆ. ಅವರು ಹೊಸ ಮನೆ ಕಟ್ಟಿ ಒಕ್ಕಲು ಇಟ್ಟುಕೊಂಡದ್ದು ಸರಿಯಾಗಿ ನಮ್ಮ ಹುಳು ನಾಲ್ಕನೇ ಜ್ವರ ಎದ್ದು ಐದು ದಿನವಾದಾಗ. ಹೋಗದಿದ್ದರೆ ಏಳು ವರ್ಷ ಮಾತು ಬರುತ್ತದೆ. ಸೊಪ್ಪಿನ ಕೆಲಸ ಸೊಸೆಗೆ ಒಪ್ಪಿಸಿ ನಾನೂ ಯಜಮಾನರೂ ಬೆಳಗಿನ ಬಸ್ಸಿಗೆ ಹೊರಟೆವು.

ಬೀಗರು ಮರ್ಯಾದೆಯಲ್ಲಿ ಕೊರತೆ ಮಾಡುವ ಜನ ಅಲ್ಲ. ಚಪ್ಪರದ ಮುಂದೆ ಕೈ ಇರುವ ಎರಡು ಕುರ್ಚಿ ಹಾಕಿ ನಮ್ಮನ್ನೇ ಕೂರಿಸಿದರು. ಕುರ್ಚಿಯ ನೇರಕ್ಕೆ ತೆಂಗಿನ ಮರಕ್ಕೆ ಕಟ್ಟಿದ ಮೈಕಿನ ಕೊಳಗ. ಅದು ಸ್ವಲ್ಪ ಆಚೆಗೆ ತಿರುಗಿತ್ತು. ಬೀಗರು ನೋಡಿದರು, ನೋಡಿ ಮೈಕ್ ಸೆಟ್ಟಿನವನನ್ನು ಕರೆದರು.

"ಲೇ, ನಮ್ ಬೀಗ್ರು ಇಲ್ ಕುಂತವ್ರೆ, ನೀನು ಆ ಕಡಿಕೆ ತಿರುಗ್ಸಿದ್ದೀಯಲ್ಲ. ಈ ಕಡಿಕೆ ತಿರುಗ್ಸಲಾ, ಅವ್ರೂ ನಾಕ್ ಹಾಡು ಕೇಳ್ಲಿ."

ತಿರುಗಿಸಿದರು. ಮರ್ಯಾದೆ ಎಂದರೆ ನಮ್ಮ ಕಡೆ ಹೀಗೆ, ಮುಖಕ್ಕೇ ಬಂದು ಬಡಿಯಬೇಕು. ಎದ್ದು ಹೋದರೆ ಕುರ್ಚಿಗೆ ಅವಮಾನ. ಬೆಳಗಿನಿಂದ ಊಟದ ಹೊತ್ತಿನವರೆಗೆ ಕೂತೆ, ಕಣ್ಣಿನಿಂದ ನೀರು ಬರುತ್ತಿತ್ತು. ಬೀಗಿತ್ತಿ ಬಂದು, "ದೇವ್ರ ಹಾಡು ಕೇಳುದ್ರೆ ನಮ್ಮತ್ಗೆಮ್ಮಂಗೆ ಕಣ್ಣಲ್ಲಿ ನೀರೇ ಬಂದ್ಬುಡ್ತದೆ ನೋಡಿ" ಎಂದು ಪಕ್ಕದವರಿಗೆ ತೋರಿಸಿದರು.

ಸಂಜೆ ಮನೆಗೆ ಬಂದಾಗ ನನ್ನ ಕಿವಿಯಲ್ಲಿ ಜೀರುಂಡೆಯೂ ಇಲ್ಲ, ಮಳೆಯೂ ಇಲ್ಲ. ರೈಸ್ ಮಿಲ್ಲು ಓಡುತ್ತಿತ್ತು. ತಲೆಗೆ ಬಟ್ಟೆ ಕಟ್ಟಿ ಮಲಗಿದವಳಿಗೆ ಬೆಳಗಿನ ಜಾವಕ್ಕೆ ನಿದ್ದೆ ಹತ್ತಿತು. ಎದ್ದಾಗ ಬಿಸಿಲು ಹೊಸಲು ದಾಟಿತ್ತು. ಸೊಸೆ ಅಂಗಳ ಗುಡಿಸಿ ಮುಗಿಸಿದ್ದಳು, ಯಜಮಾನರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು, ಪಾಂಡವಪುರದ ಸಾಬರು ಲಗೇಜ್ ಆಟೋದ ತುಂಬ ಚಂದ್ರಿಕೆ ಪೇರಿಸಿಕೊಂಡು ಬಂದಿದ್ದರು. ಚಂದ್ರಿಕೆ ಬಾಡಿಗೆಗೆ ಕೊಡುವುದು ಅವರ ಕಸುಬು. ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಅವರೇ. ಯಾರ ಮನೆಯಲ್ಲಿ ಹುಳು ಯಾವಾಗ ಹಣ್ಣಾಗುತ್ತದೆ ಎಂದು ಅವರಿಗೆ ನಮ್ಮ ಹೆಣ್ಣುಮಕ್ಕಳ ಹೆರಿಗೆ ದಿನಕ್ಕಿಂತ ಚೆನ್ನಾಗಿ ಗೊತ್ತು.

"ಸಲಾಂ ಅಮ್ಮಾ. ಇಳಿಸ್ಲಾ?" ಎಂದರು. "ಮುಂದಿನ ಊರ್ನಾಗೂ ಕೇಳವ್ರೆ. ನೀವು ಊ ಅಂದ್ರೆ ಇಲ್ಲೇ ಇಳುಸ್ತೀನಿ, ನಹೀ ಅಂದ್ರೆ ಅಲ್ಲಿಗೋಯ್ತೀನಿ."

ಪರದೆ ಎತ್ತಿ ಒಳಗೆ ಹೋಗಿ ನೋಡಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಮೂರು ಜನ ನೋಡುತ್ತಿದ್ದಾರೆ. ಇಷ್ಟು ವರ್ಷ ಬಾಗಿಲಲ್ಲೇ ನಿಂತು ಹೇಳಿದವಳು ಇವತ್ತು ಒಳಗೆ ಹೋಗಿ ಇಣುಕಿದರೆ ಏಕೆ ಎಂದು ಕೇಳುವುದಿಲ್ಲವೇ. ಬಾಗಿಲಿಗೆ ಹೋದೆ. ಉಸಿರು ಹಿಡಿದೆ. ಬಾಯಿ ತೆರೆದೆ. ಮಳೆ, ಎಂಥ ಮಳೆ. ಕನ್ನಂಬಾಡಿ ಕಟ್ಟೆಯ ತೂಬು ಎತ್ತಿದ ಹಾಗೆ.

"ತಿಂತಾವೆ" ಎಂದೆ.

ಸೊಸೆ ಕಸಬರಿಗೆ ಕೆಳಗಿಟ್ಟಳು. "ಅತ್ತೆ, ಬುಟ್ಟಂಗವೆ. ಬೆಳಿಗ್ಗಿಂದ ಸದ್ದೇ ಇಲ್ಲ."

"ನಿನ್ ಕಿವಿಗೇನು ಗೊತ್ತು, ನೆನ್ನೆ ಮೊನ್ನೆ ಬಂದೋಳು" ಎಂದೆ. ಅವಳು ಬಂದು ಹನ್ನೊಂದು ವರ್ಷವಾಗಿತ್ತು.

ಯಜಮಾನರು ನನ್ನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಬಾಗಿಲಿನ ವಿಷಯದಲ್ಲಿ ಬಾಯಿ ಹಾಕುವ ಅಭ್ಯಾಸವಿಲ್ಲದ್ದರಿಂದ ಸುಮ್ಮನೆ ಹಲ್ಲುಕಡ್ಡಿ ಹುಡುಕಿಕೊಂಡು ಹೋದರು. ಸಾಬರು ಆಟೋ ತಿರುಗಿಸಿದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಮಾತಿಗೆ ಗಟ್ಟಿತನ ಇರಲಿ ಎಂದು ಹೊಲದಿಂದ ಬಂದ ಸೊಪ್ಪನ್ನು ಬಾಗಿಲಲ್ಲೇ ನಿಂತು ಸೊಸೆಯ ಕೈಗೆ ಕೊಟ್ಟು, ತಟ್ಟೆಗೆಲ್ಲ ದಪ್ಪಗೆ ಹಾಕು ಎಂದೆ. ತಲೆ ಸಿಡಿಯುತ್ತಿತ್ತು. ಹೋಗಿ ಮಲಗಿದೆ. ಅವಳು ಹೇಳಿದಂತೆ ಹಾಕಿದಳು.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಹಿತ್ತಲ ಕಡೆಯಿಂದ ಕೂಗಿದರು. "ಅಮ್ಮಿ, ಬಂದ್ ನೋಡು. ನಿನ್ ಉಳಗೋಳು ಗೋಡೆ ಅತ್ತಾವೆ."

ಓಡಿದೆ. ಪರದೆಯ ಮೇಲೇ ಏಳೆಂಟು ಇದ್ದವು. ಒಳಗೆ ಕಂಬದ ಮೇಲೆ, ಜಂತಿಯ ಮೇಲೆ, ಮೂಲೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನ ಮೇಲೆ, ಎಲ್ಲೆಲ್ಲೂ ಹಣ್ಣು ಹುಳು. ತಟ್ಟೆಯಲ್ಲಿ ಉಳಿದವು ನಾನು ಹಾಕಿಸಿದ ದಪ್ಪ ಸೊಪ್ಪಿನಡಿಯಲ್ಲಿ ಸಿಕ್ಕಿಕೊಂಡು, ಬೇರೆ ದಾರಿಯಿಲ್ಲದೆ ಸೊಪ್ಪಿಗೇ ನೂಲು ಸುತ್ತಲು ಶುರುಮಾಡಿದ್ದವು. ನನ್ನ ಕಿವಿಯಲ್ಲಿ ಆಗಲೂ ಅವು ಜೋರಾಗಿ ತಿನ್ನುತ್ತಲೇ ಇದ್ದವು.

ಸೊಸೆ ಬೀದಿಗೆ ಓಡಿ ಐದಾರು ಹೆಂಗಸರನ್ನು ಕರೆತಂದಳು. ಯಜಮಾನರು ಸೈಕಲ್ಲು ಹತ್ತಿ ಸಾಬರ ಹಿಂದೆ ಹೋದರು. ಚಂದ್ರಿಕೆ ಬರುವವರೆಗೆ ಕಾಯುವ ಹಾಗಿರಲಿಲ್ಲ. ಕೊಟ್ಟಿಗೆಯ ಅಟ್ಟದಿಂದ ಒಣಗಿದ ತೊಗರಿ ಕಡ್ಡಿ ಇಳಿಸಿದೆವು, ತೆಂಗಿನ ಗರಿ ತಂದೆವು, ನೆಲದ ಮೇಲೆ ಹರಡಿ ಹುಳುಗಳನ್ನು ಅದರ ಮೇಲೆ ಬಿಡುತ್ತ ಹೋದೆವು. ಚಂದ್ರಿಕೆ ಇಲ್ಲದ ಕಾಲದಲ್ಲಿ ಹಾಗೇ ಮಾಡುತ್ತಿದ್ದದ್ದು. ಎಂಟು ಜನರ ಕೈ ಒಂದೇ ಸಮ ಆಡುತ್ತಿತ್ತು. ನನಗೆ ಯಾರಾದರೂ ಬಯ್ದಿದ್ದರೆ ಚೆನ್ನಾಗಿತ್ತು, ತಿರುಗಿಸಿ ಬಯ್ಯಬಹುದಿತ್ತು.

ಯಜಮಾನರು ಸೈಕಲ್ಲನ್ನು ಆಟೋದ ಮೇಲೆ ಹಾಕಿಕೊಂಡು ಸಾಬರ ಪಕ್ಕದಲ್ಲಿ ಕೂತು ಬಂದರು. ಚಂದ್ರಿಕೆ ಅರ್ಧ ಆ ಊರಿನಲ್ಲಿ ಇಳಿದುಹೋಗಿತ್ತು, ಮಿಕ್ಕ ಅರ್ಧ ಸಿಕ್ಕಿತು. ಸಾಬರು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಕಣ್ಣಾಡಿಸಿದರು.

"ಅರೆ ಅಮ್ಮಾ, ಬೆಳಿಗ್ಗೆ ತಿಂತಾವೆ ಅಂದ್ರಿ. ಈಗ ನೋಡುದ್ರೆ ಕ್ಯಾಲೆಂಡರ್ ಮ್ಯಾಲೆ ಘರ್ ಕಟ್ಕಂಡವೆ."

"ಹಬ್ಬ ಯಾವತ್ತು ಅಂತ ನೋಡಾಕೋಗವೆ ಬುಡಿ" ಎಂದೆ. ಹೆಂಗಸರು ನಕ್ಕರು.

ಹೊತ್ತು ಇಳಿದ ಮೇಲೆ ಹೆಂಗಸರೆಲ್ಲ ಹೋದರು. ನಾನೂ ಸೊಸೆಯೂ ಕೊನೆಯ ತಟ್ಟೆಯ ಎರಡು ಬದಿಗೆ ಕೂತಿದ್ದೆವು. ಅವಳು ತಲೆ ಎತ್ತದೆ ಕೇಳಿದಳು.

"ಎಷ್ಟು ದಿನದಿಂದ ಅತ್ತೆ?"

"ಏನು ಎಷ್ಟು ದಿನ?"

"ಕಿವಿ."

ಇಲ್ಲ ಎನ್ನಲು ಬಾಯಿ ತೆರೆದೆ. ಅವಳ ಕೈಯಲ್ಲಿ ಸೊಪ್ಪಿಗೆ ಅಂಟಿ ಕೆಟ್ಟುಹೋದ ಅರ್ಧ ಗೂಡಿತ್ತು. "ಮೂರ್ ವರ್ಷ ಆಯ್ತು" ಎಂದೆ.

"ನಂಗೊತ್ತಿತ್ತು."

"ಏನ್ ಗೊತ್ತಿತ್ತು ನಿಂಗೆ?"

"ಕುಕ್ಕರ್ ಇಟ್ರೆ ಹಿತ್ಲಿಗೆ ಓಯ್ತಿದ್ರಿ. ತಟ್ಟೆ ಬಿದ್ರೆ ಹಲ್ ಕಚ್ತಿದ್ರಿ. ಪಾತ್ರೆ ತೊಳ್ಯೋ ಕಲ್ ಮ್ಯಾಲೆ ನಾನು ಗೋಣಿಚೀಲ ಹಾಕಿ ಎಷ್ಟ್ ತಿಂಗ್ಳಾಯ್ತು, ಯಾಕಾಕಿದ್ದೀಯ ಅಂತ ಕೇಳುದ್ರಾ ನೀವು?"

ನಾನು ನೋಡಿಯೇ ಇರಲಿಲ್ಲ. ಇತ್ತೀಚೆಗೆ ಸೊಸೆ ಪಾತ್ರೆ ತೊಳೆಯುವುದು ಕಲಿತಿದ್ದಾಳೆ ಎಂದು ಮಾತ್ರ ಅಂದುಕೊಂಡಿದ್ದೆ.

"ಅಷ್ಟೆಲ್ಲ ಗೊತ್ತಿದ್ದೋಳು ಬೆಳಿಗ್ಗೆ ಬಾಯ್ ಬುಟ್ಟು ಏಳ್ಬಾರ್ದಾಗಿತ್ತಾ?"

"ಏಳಿದ್ನಲ್ಲ. ನೆನ್ನೆ ಮೊನ್ನೆ ಬಂದೋಳು ಅಂದ್ರಿ."

ಅವಳ ಕೈಯಿಂದ ಆ ಅರ್ಧ ಗೂಡನ್ನು ತೆಗೆದುಕೊಂಡು ಕಸದ ಜೊತೆಗೆ ಹಾಕಿದೆ.

ಸಂಜೆ ಯಜಮಾನರಿಗೂ ಗೊತ್ತಾಯಿತು. ಅವರು ಜಗುಲಿಯಲ್ಲಿ ಕೂತು ತಮ್ಮ ಚಪ್ಪಲಿಯನ್ನೇ ನೋಡುತ್ತ, "ಇನ್ಮ್ಯಾಕೆ ಬಾಗಿಲ ಸೊಸೆ ನೋಡ್ಕಳ್ಳಿ" ಎಂದರು. ಅಷ್ಟೇ. ಆಮೇಲೆ, ಅದು ಸಾಲದೆಂದು ಕಂಡಿತೋ ಏನೋ, "ನಾನೂ ಇನ್ನು ಮೆತ್ತುಗೆ ಕ್ಯಾಕರುಸ್ತೀನಿ" ಎಂದರು. ಅವರು ಕೊಟ್ಟ ಮಾತಿನಲ್ಲಿ ಉಳಿಸಿಕೊಳ್ಳದ್ದು ಅದೊಂದೇ ಅಲ್ಲ, ಬಿಡಿ.

ಆ ಬೆಳೆಯ ಗೂಡು ಅರ್ಧ ಚೆನ್ನಾಗಿತ್ತು, ಅರ್ಧ ಎಲೆ ಕಡ್ಡಿ ಮೆತ್ತಿಕೊಂಡು ಹಾಳಾಗಿತ್ತು. ಯಾರೂ ನನ್ನೆದುರು ಆ ಮಾತು ಎತ್ತಲಿಲ್ಲ.

ಮುಂದಿನ ಬೆಳೆಗೆ ಮೊಟ್ಟೆ ತಂದರು, ಹುಳು ಹೊರಬಂತು, ಒಂದೊಂದೇ ಜ್ವರ ದಾಟಿತು. ನಾನು ಹಿತ್ತಲ ಕಡೆ ತಲೆ ಹಾಕಲಿಲ್ಲ. ಬಾಗಿಲು ಕೊಟ್ಟ ಮೇಲೆ ಒಳಗೆ ಹೋಗಿ ಚಾಪೆ ಹಾಸಲು ನನಗೇನು ಹಕ್ಕು? ಕಿವಿ ಇನ್ನೂ ಕೆಟ್ಟಿತು. ಶೀಳನೆರೆಯ ರೈಸ್ ಮಿಲ್ಲು ಪೂರ್ತಿ ನಿಲ್ಲಲೇ ಇಲ್ಲ. ಹಗಲು ಜಗುಲಿಯಲ್ಲಿ ಕೂತರೆ ಬಸ್ಸು ಟ್ರಾಕ್ಟರು ಚುಚ್ಚುತ್ತಿದ್ದವು, ಒಳಗೆ ಕೂತರೆ ಮಿಲ್ಲು. ಯಾರಿಗೂ ಮುಚ್ಚಿಡುವ ಕೆಲಸವಿಲ್ಲ ಎಂಬುದೊಂದು ಹಗುರ, ಅಷ್ಟೇ. ನಾಲ್ಕನೇ ಜ್ವರ ಎದ್ದು ಎರಡು ದಿನವಾದ ಮೇಲೆ ಸೊಸೆ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದವಳು ನನ್ನ ಮುಂದೆ ನಿಂತಳು.

"ಕಿವಿ ಓದ್ರೆ ಕೈನೂ ಓದ್ವಾ? ಸೊಪ್ಪು ಹಾಕೋರು ಯಾರು? ನಾನೊಬ್ಳೇ ಎಷ್ಟಂತ ಸಾಯ್ಲಿ?"

"ಬಾಗಿಲ ನಿಂದಾಯ್ತಲ್ಲ."

"ಬಾಗಿಲ ನಂದು. ಒಳಗಡೆ ಯಾರ್ದು ಅಂತ ಮಾವ ಏಳ್ಲಿಲ್ಲ. ಏಳಿ ಮ್ಯಾಕೆ."

ಎದ್ದೆ. ಒಳಗೆ ಹೋಗಿ ಸೊಪ್ಪು ಹಾಕಿ ಹಿಂದಕ್ಕೆ ಸರಿದು ನಿಂತಾಗ ಮಳೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮಿಲ್ಲು ಅದರೊಳಗೆ ಎಲ್ಲೋ ಮುಳುಗಿತು. ಪೂರ್ತಿ ಅಲ್ಲ. ಮುಂಚಿನ ಹಾಗೆ ಇನ್ನೆಂದೂ ಪೂರ್ತಿ ಮುಳುಗುವುದಿಲ್ಲ ಎಂದು ಈಗ ಗೊತ್ತಿದೆ. ಆದರೆ ಕೂತು ನಾಲ್ಕು ಸೊಪ್ಪು ಹೆಚ್ಚುವಷ್ಟು, ಒಂದು ಗಳಿಗೆ ಕಣ್ಣು ಮುಚ್ಚುವಷ್ಟು ಸಾಕಾಗುತ್ತಿತ್ತು.

ಸೊಸೆಗೆ ಕಿವಿ ಇತ್ತು, ಆದರೆ ಕೇಳಲು ಬರುತ್ತಿರಲಿಲ್ಲ. ಸದ್ದು ಇದೆ ಇಲ್ಲ ಎಂದಷ್ಟೇ ಹೇಳುತ್ತಿದ್ದಳು. ಇಡೀ ಮನೆಯನ್ನು ಒಟ್ಟಿಗೆ ಕೇಳಬೇಡ, ಮೇಲಿನ ತಟ್ಟೆಗಳನ್ನು ಬೇರೆ ಕೇಳು, ಅಲ್ಲಿ ಬಿಸಿ ಹೆಚ್ಚು, ಅವು ಮೊದಲು ಹಣ್ಣಾಗುತ್ತವೆ ಎಂದು ಹೇಳಿಕೊಟ್ಟೆ. ಮೂಗಿನಲ್ಲಿ ಉಸಿರಾಡಿದರೆ ನಿನ್ನ ಉಸಿರೇ ನಿನಗೆ ಕೇಳುತ್ತದೆ, ಬಾಯಿ ತೆರೆ ಎಂದೆ. ಬಾಯಿ ತೆರೆದು ನಿಂತರೆ ಕೋತಿಯ ಹಾಗೆ ಕಾಣುತ್ತೇನೆ ಎಂದಳು. ನಿನ್ನನ್ನು ಹುಳು ನೋಡುವುದಿಲ್ಲ, ನಿನ್ನ ಮಾವನೂ ನೋಡುವುದಿಲ್ಲ, ತೆರೆ ಎಂದೆ.

ಜ್ವರ ಎದ್ದ ಏಳನೆಯ ದಿನ ಬೆಳಿಗ್ಗೆ ನಾನು ಒಳಗೆ ಚಾಪೆಯ ಮೇಲಿದ್ದೆ. ಅವಳು ಪರದೆಯ ಆಚೆ ನಿಂತದ್ದು ಕಾಲಿನ ನೆರಳಿನಿಂದ ಗೊತ್ತಾಯಿತು. ಬಹಳ ಹೊತ್ತು ನಿಂತಳು.

"ಮ್ಯಾಲ್ಗಡೆ ಬುಟ್ಟವೆ. ಕೆಳಗಡೆ ಇನ್ನೂ ತಿಂತಾವೆ" ಎಂದಳು.

ನನ್ನ ಕಿವಿಗೆ ಮೇಲೂ ಕೆಳಗೂ ಒಂದೇ ಸಮ ಸುರಿಯುತ್ತಿತ್ತು. ಅವಳು ತಪ್ಪು ಹೇಳಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ, ಏಕೆ ಸುಳ್ಳು ಹೇಳಲಿ. ಎದ್ದು ಮೇಲಿನ ತಟ್ಟೆಯಿಂದ ಒಂದು ಹುಳು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಮೈ ಅರಿಶಿನದ ಗಾಜಾಗಿತ್ತು. ಕೆಳಗಿನ ತಟ್ಟೆಯದನ್ನು ಹಿಡಿದೆ. ಬೆಳ್ಳಗೆ ಗಟ್ಟಿಯಾಗಿತ್ತು, ಬಾಯಲ್ಲಿ ಇನ್ನೂ ಸೊಪ್ಪಿತ್ತು.

"ಚಂದ್ರಿಕೆ ಸಾಬ್ರಿಗೆ ಏಳ್ಕಳ್ಸು" ಎಂದೆ.

"ಆಗ್ಲೇ ಏಳ್ಕಳ್ಸಿವ್ನಿ."

"ಅಂಗಾರೆ ನನ್ನ ಯಾಕೆ ಕೇಳ್ದೆ?"

"ಕೇಳ್ದೆ ಇದ್ರೆ ಬಯ್ತೀರಲ್ಲ."

ಕೇಳಿದ್ದಕ್ಕೂ ಬಯ್ದೆ. ಆಮೇಲೆ ಚಾಪೆ ಸುತ್ತಿ ಮೂಲೆಗಿಟ್ಟು, ಮೇಲಿನ ತಟ್ಟೆಗಳನ್ನು ಒಂದೊಂದಾಗಿ ಇಳಿಸಿ ಅವಳ ಕೈಗೆ ಕೊಡತೊಡಗಿದೆ.